"ಈ ವಾರದೊಳಗೆ ಹೂಂ ಅನ್ನಿ" ಎಂದ ಕೋಚ್‌ಗೆ ಏನು ಹೇಳಬೇಕು?

ಪ್ರಶ್ನೆ: ನಾವು ಹಾಸನದವರು. ಮಗನಿಗೆ ಮೂರು ವರ್ಷವಿದ್ದಾಗ ಅಮೆರಿಕಕ್ಕೆ ಬಂದೆವು, ಈಗ ಡಾಲಸ್ ಹತ್ತಿರದ ಫ್ರಿಸ್ಕೋದಲ್ಲಿದ್ದೇವೆ. ಮಗ 11ನೇ ಕ್ಲಾಸು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿದು ಓಡುವ ಆಟಗಾರ. ಕಳೆದ ಸೀಸನ್ ಮುಗಿದ ಮೇಲೆ ಸ್ಕಾಲರ್‌ಶಿಪ್ ಕೊಟ್ಟು ಆಡಿಸಿಕೊಳ್ಳುತ್ತೇವೆ ಅಂತ 17 ಕಾಲೇಜುಗಳಿಂದ ಆಫರ್ ಬಂದಿದೆ. ಜೂನ್‌ನಲ್ಲಿ ನಾಲ್ಕು ಕಾಲೇಜು ನೋಡಿ ಬರೋಣ ಅಂತ ಇದ್ದೆವು. ಅಷ್ಟರಲ್ಲಿ ಒಂದು ದೊಡ್ಡ ಕಾಲೇಜಿನ ಕೋಚ್ ಫೋನ್ ಮಾಡಿ, "ಈ ವಾರದೊಳಗೆ ಹೂಂ ಅನ್ನಿ, ಇಲ್ಲದಿದ್ದರೆ ಜಾಗ ಬೇರೆಯವನಿಗೆ ಹೋಗುತ್ತೆ" ಅಂದಿದ್ದಾರೆ. ದುಡ್ಡಿನ ಮಾತೂ ಬಂದಿದೆ. ನಮಗೆ ಗ್ರೀನ್ ಕಾರ್ಡ್ ಇನ್ನೂ ಸಿಕ್ಕಿಲ್ಲ, ಮಗ ಎಚ್-4 ವೀಸಾದಲ್ಲಿದ್ದಾನೆ (ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡೋದು). ನನ್ನ ಹೆಂಡತಿಗೆ ಅವನ ಓದಿನದೇ ಚಿಂತೆ. ಏನು ಮಾಡೋದು?

ಉತ್ತರ: ನಿಮ್ಮ ತುರ್ತಿನ ಪ್ರಶ್ನೆಗೇ ಮೊದಲು ಬರುತ್ತೇನೆ. ಈ ವಾರ ಹೂಂ ಅನ್ನಬೇಡಿ. ಇಲ್ಲ ಅಂತಲೂ ಅನ್ನಬೇಡಿ. ಆ ಕೋಚ್‌ಗೆ ನಿಮ್ಮ ಮಗನೇ ಫೋನ್ ಮಾಡಲಿ. ನೀವು ಪಕ್ಕದಲ್ಲಿ ಕೂತಿರಿ, ಮಾತಾಡಬೇಡಿ. ಅವನು ಎರಡೇ ಪ್ರಶ್ನೆ ಕೇಳಲಿ. "ಕೋಚ್, ನಾನು ಈಗಲೇ, ಈ ಫೋನಿನಲ್ಲೇ ಹೂಂ ಅಂದರೆ ನನ್ನನ್ನು ತಗೊಳ್ತೀರಾ? ಜೂನ್‌ನಲ್ಲಿ ಬಂದು ನೋಡಿ ಆಮೇಲೆ ಹೇಳ್ತೀನಿ ಅಂದರೆ ಕಾಯ್ತೀರಾ?" ಕೇಳಿದ ಮೇಲೆ ಸುಮ್ಮನಿರಲಿ. ಉತ್ತರ ಏನು ಬಂತು ಅನ್ನೋದರ ಜೊತೆ, ಅದು ಬರೋದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದನ್ನೂ ಇಬ್ಬರೂ ಗಮನಿಸಿ.

ನಾನು ಟೆಕ್ಸಾಸ್‌ನ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ 21 ವರ್ಷ ಕೌನ್ಸೆಲರ್ ಆಗಿದ್ದೆ. ಆಫರ್ ಅನ್ನೋ ಪದವನ್ನು ನಂಬಿ ಕೆಟ್ಟ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ಹೊರಗಿನವರಿಗೆ ಆಫರ್ ಅಂದರೆ ಸೀಟು ಸಿಕ್ಕಿತು ಅಂತ ಅರ್ಥ. ಕೋಚ್‌ಗಳಿಗೆ ಹಾಗಲ್ಲ. ಒಂದು ದೊಡ್ಡ ಕಾಲೇಜು ವರ್ಷಕ್ಕೆ ನೂರಾರು ಹುಡುಗರಿಗೆ ಆಫರ್ ಕೊಡುತ್ತದೆ. ಕೊನೆಗೆ ಹೈಸ್ಕೂಲಿನಿಂದ ಸೇರಿಸಿಕೊಳ್ಳೋದು ಸುಮಾರು 20ರಿಂದ 25 ಜನರನ್ನು. ಉಳಿದ ಆಫರ್‌ಗಳೆಲ್ಲ "ನಿನ್ನ ಮೇಲೆ ನಮಗೆ ಕಣ್ಣಿದೆ" ಅನ್ನೋ ಮಾತು ಅಷ್ಟೇ. ಹಾಗಾಗಿ ಈ ಲೋಕದಲ್ಲಿ "ಕಮಿಟಬಲ್ ಆಫರ್" ಅನ್ನೋ ಬೇರೆ ಪದವೇ ಹುಟ್ಟಿಕೊಂಡಿದೆ. ಇವತ್ತು ಹೂಂ ಅಂದರೆ ಇವತ್ತೇ ಒಪ್ಪಿಕೊಳ್ಳುವ ಆಫರ್ ಅಂತ ಅದರ ಅರ್ಥ. ನಿಮ್ಮ 17ರಲ್ಲಿ ಅಂಥವು ಎಷ್ಟು? ಮೊದಲು ಅದನ್ನು ಲೆಕ್ಕ ಹಾಕಿ. ಆರೇಳು ಉಳಿದರೂ ನಿಮ್ಮ ಮಗ ತುಂಬಾ ಅಪರೂಪದ ಹುಡುಗ. ಈ ದೇಶದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಯಾವುದಾದರೂ ಹಂತದಲ್ಲಿ ಆಡುವವರು ನೂರಕ್ಕೆ ಸುಮಾರು ಏಳು ಮಂದಿ.

ಇನ್ನೊಂದು ಮುಖ್ಯ ವಿಷಯ. ಹುಡುಗ 12ನೇ ಕ್ಲಾಸಿಗೆ ಬರುವ ಆಗಸ್ಟ್ 1ರವರೆಗೆ ಯಾವ ಕಾಲೇಜೂ ಸ್ಕಾಲರ್‌ಶಿಪ್ ಆಫರನ್ನು ಬರಹದಲ್ಲಿ ಕೊಡುವಂತಿಲ್ಲ. ಸಹಿ ಹಾಕೋದು ಡಿಸೆಂಬರ್‌ನ ಮೊದಲ ಬುಧವಾರ ಶುರುವಾಗುವ ಅರ್ಲಿ ಸೈನಿಂಗ್ ದಿನಗಳಲ್ಲಿ, ಅಥವಾ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಯಾವುದೂ ಗಟ್ಟಿಯಲ್ಲ. ನಿಮ್ಮ ಮಗ ಇವತ್ತು ಹೂಂ ಅಂದರೂ ಅದು ಅವನನ್ನು ಕಟ್ಟಿಹಾಕುವುದಿಲ್ಲ, ಕಾಲೇಜನ್ನೂ ಕಟ್ಟಿಹಾಕುವುದಿಲ್ಲ. ಮಿಶಿಗನ್‌ನ ಬ್ರೈಸ್ ಅಂಡರ್‌ವುಡ್ 2024ರ ಜನವರಿಯಲ್ಲಿ ಲೂಯಿಸಿಯಾನಾ ರಾಜ್ಯದ ಎಲ್‌ಎಸ್‌ಯು ಕಾಲೇಜಿಗೆ ಮಾತು ಕೊಟ್ಟಿದ್ದ. ನವೆಂಬರ್‌ನಲ್ಲಿ ಮನಸ್ಸು ಬದಲಿಸಿ ತನ್ನ ರಾಜ್ಯದ ಮಿಶಿಗನ್ ವಿಶ್ವವಿದ್ಯಾಲಯಕ್ಕೇ ಸೇರಿದ. ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಆಟಗಾರ ಹಾಗೆ ಮಾಡಿದಾಗ ಪೇಪರುಗಳು ಬರೆಯುತ್ತವೆ. ಕಾಲೇಜು ಮಾತು ತಪ್ಪಿದಾಗ ಬರೆಯುವವರು ಕಡಿಮೆ. ನನ್ನ ಶಾಲೆಯ ಒಬ್ಬ ಹುಡುಗ ಜೂನ್‌ನಲ್ಲಿ ಮಾತು ಕೊಟ್ಟು, ಉಳಿದ ಒಂಬತ್ತು ಕಾಲೇಜುಗಳಿಗೆ ಧನ್ಯವಾದ ಹೇಳಿ, ಮೆಸೇಜಿಗೆ ಉತ್ತರ ಕೊಡೋದನ್ನೂ ನಿಲ್ಲಿಸಿದ್ದ. ಸಹಿಗೆ ಎರಡು ವಾರ ಇದ್ದಾಗ "ನಿನ್ನ ಜಾಗಕ್ಕೆ ಬೇರೆಯವರು ಸಿಕ್ಕಿದ್ದಾರೆ" ಅಂತ ಫೋನ್ ಬಂತು. ಊಟದ ಬಿಡುವಿನಲ್ಲಿ ನನ್ನ ಆಫೀಸಿಗೆ ಬಂದು, ಕಾಲೇಜಿನ ಟೋಪಿಯನ್ನು ಮೇಜಿನ ಮೇಲಿಟ್ಟು, "ಇದನ್ನು ಯಾರಿಗಾದರೂ ಕೊಡಿ" ಅಂದ. ಆ ಒಂಬತ್ತರಲ್ಲಿ ಅವನಿಗೆ ಇನ್ನೂ ಜಾಗ ಇಟ್ಟುಕೊಂಡಿದ್ದದ್ದು ಒಂದೇ ಕಾಲೇಜು.

ಹಾಗಾದರೆ ಆ ಕೋಚ್ ಸುಳ್ಳು ಹೇಳುತ್ತಿದ್ದಾರಾ? ಇರಲಿಕ್ಕಿಲ್ಲ. ಅವರಿಗೆ ಈ ಸಲ ಮೂವರೇ ರಿಸೀವರ್‌ಗಳು ಬೇಕಿರಬಹುದು, ಅದರಲ್ಲಿ ಇಬ್ಬರು ಆಗಲೇ ಸಿಕ್ಕಿರಬಹುದು. ಅವರ ಅವಸರ ನಿಜವೇ ಇರಬಹುದು. ಆದರೆ ಅದು ಅವರ ಅವಸರ, ನಿಮ್ಮದಲ್ಲ. ಇಷ್ಟು ಬೇಡಿಕೆ ಇರುವ ಹುಡುಗನಿಗೆ ಎಂಟು ವಾರ ಕಾಯದ ಕಾಲೇಜು, ನಾಳೆ ಅವನ ಮೊಣಕಾಲಿಗೆ ಪೆಟ್ಟಾದರೆ ಎಂಟು ತಿಂಗಳು ಕಾಯುತ್ತದೆ ಅಂತ ನಾನು ನಂಬಲಾರೆ.

ಈಗ ಜೂನ್ ವಿಷಯ. ಆ ನಾಲ್ಕು ಅಫಿಷಿಯಲ್ ವಿಸಿಟ್ ಖಂಡಿತ ಮಾಡಿ. ಒಂದು ವಿಸಿಟ್ ಅಂದರೆ ಹೆಚ್ಚೆಂದರೆ ಎರಡು ರಾತ್ರಿ. ಹುಡುಗನ ಜೊತೆ ಮನೆಯ ಇಬ್ಬರ ಪ್ರಯಾಣ, ಊಟ, ವಸತಿಯನ್ನೂ ಕಾಲೇಜು ನೋಡಿಕೊಳ್ಳಬಹುದು. ನೀವಿಬ್ಬರೂ ಹೋಗಿ. ಅಲ್ಲಿ ನಿಮ್ಮ ಮಗನಿಗೆ ಅವನ ಹೆಸರು, ನಂಬರು ಇರುವ ಜರ್ಸಿ ಹಾಕಿಸಿ, ಖಾಲಿ ಸ್ಟೇಡಿಯಮ್ಮಿನ ದೀಪ ಹಚ್ಚಿ ಫೋಟೋ ತೆಗೆಸುತ್ತಾರೆ. ಹದಿನೇಳರ ಹುಡುಗ ಕರಗದೆ ಇರೋದು ಹೇಗೆ? ಕರಗಲಿ, ಅದರಲ್ಲಿ ತಪ್ಪೇನಿಲ್ಲ. ಆ ಹೊತ್ತಲ್ಲಿ ನಿಮ್ಮ ಕೆಲಸ ಬೇರೆ.

ನಮ್ಮೂರಲ್ಲಿ ಹೆಣ್ಣು ಕೊಡುವಾಗ ಏನು ಮಾಡುತ್ತಿದ್ದರು, ನೆನಪಿದೆಯಲ್ವಾ? ಗಂಡಿನ ಮನೆಯವರು ಹೇಳಿದ್ದನ್ನೇ ಕೇಳಿಕೊಂಡು ವಾಪಸ್ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಂಗಡಿಯವನ ಹತ್ತಿರ, ಪಕ್ಕದ ಮನೆಯವರ ಹತ್ತಿರ ನಾಲ್ಕು ಮಾತು ವಿಚಾರಿಸಿ ಬರುತ್ತಿದ್ದರು. ಇಲ್ಲೂ ಅದೇ ಮಾಡಿ. ಸ್ಟಾರ್ ಆಟಗಾರನ ತಂದೆ ತಾಯಿಯ ಜೊತೆ ಅವರೇ ನಿಮ್ಮನ್ನು ಕೂರಿಸುತ್ತಾರೆ. ನೀವು ಹುಡುಕಬೇಕಾದ್ದು ಎರಡು ವರ್ಷದಿಂದ ಬೆಂಚಿನಲ್ಲಿ ಕೂತಿರುವ ಹುಡುಗನ ಅಮ್ಮನನ್ನು. ಕಳೆದ ವರ್ಷ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರು ಹೆಸರು ಹಾಕುವ ಪಟ್ಟಿ) ಮೂಲಕ ಆ ಕಾಲೇಜು ಬಿಟ್ಟುಹೋದ ರಿಸೀವರ್‌ಗಳು ಯಾರು ಅಂತ ಪಟ್ಟಿ ಮಾಡಿ, ಒಬ್ಬರನ್ನಾದರೂ ಮಾತಾಡಿಸಿ. ಗಾಯವಾದ ಹುಡುಗನೊಬ್ಬ ಸಿಕ್ಕರೆ, ಆಪರೇಷನ್ ಆದಮೇಲೆ ಕೋಚ್ ಎಷ್ಟು ಸಲ ನೋಡಲು ಬಂದರು ಅಂತ ಕೇಳಿ.

ಒಂದು ಡಿಸೆಂಬರ್‌ನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಕೋಚ್ ಬರುತ್ತಾರೆ, ನೀವೂ ಬನ್ನಿ ಅಂತ ಅವನ ತಾಯಿ ಕರೆದಿದ್ದರು. ಆಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು. ಕೋಚ್ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಬಂದರು. ಅಜ್ಜಿಯ ಹೆಸರು ಗೊತ್ತಿತ್ತು, ಅಜ್ಜಿಯ ಸಕ್ಕರೆ ಕಾಯಿಲೆ ಕೂಡ ಗೊತ್ತಿತ್ತು. ಎಲ್ಲರೂ ನಕ್ಕು ಮಾತಾಡಿದೆವು. ಕೊನೆಗೆ ಆ ತಾಯಿ ಫ್ರಿಜ್ಜಿನ ಮೇಲಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ಅದರಲ್ಲಿ ಒಂದೇ ಪ್ರಶ್ನೆ ಇತ್ತು. "ನನ್ನ ಮಗನ ಕಾಲು ಮುರಿದ ದಿನ ನೀವೆಲ್ಲ ಫೋನ್ ಮಾಡ್ತೀರಿ, ಗೊತ್ತು. ಎರಡನೇ ತಿಂಗಳು ನನಗೆ ಫೋನ್ ಮಾಡೋದು ಯಾರು?" ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಡದ ಅಥ್ಲೆಟಿಕ್ ಟ್ರೈನರ್ ಹೆಸರು ಹೇಳಿ ನಂಬರು ಬರೆಸಿದರು. ಮರುದಿನ ಆಕೆ ಆ ಟ್ರೈನರ್ ಜೊತೆ ನಲವತ್ತು ನಿಮಿಷ ಮಾತಾಡಿದರು. ಹುಡುಗ ಅಲ್ಲಿಗೇ ಹೋದ. ಸ್ಟೇಡಿಯಮ್ ನೋಡಿ ಅಲ್ಲ, ಆ ನಲವತ್ತು ನಿಮಿಷ ನೋಡಿ.

ಕೋಚ್‌ನ ಮೇಲೆ ಪ್ರೀತಿ ಇರಲಿ. ಆದರೆ ಒಬ್ಬ ಕೋಚ್‌ಗಾಗಿ ಕಾಲೇಜು ಆರಿಸಬೇಡಿ. ಕ್ಯಾಲಿಫೋರ್ನಿಯಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಜೂಲಿಯನ್ ಸೈಯಿನ್ ಹೈಸ್ಕೂಲನ್ನು ಬೇಗ ಮುಗಿಸಿ 2024ರ ಜನವರಿಯಲ್ಲಿ ಅಲಬಾಮಾಗೆ ಸೇರಿದ. ಅದೇ ಜನವರಿ 10ರಂದು ಅಲ್ಲಿನ ಹೆಡ್ ಕೋಚ್ ನಿಕ್ ಸೇಬನ್ ನಿವೃತ್ತರಾದರು. ಹುಡುಗ ಅದೇ ತಿಂಗಳಲ್ಲಿ ಓಹಾಯೋ ಸ್ಟೇಟ್‌ಗೆ ಹೊರಟ. 2025ರಲ್ಲಿ ಹೆಡ್ ಕೋಚ್ ಲೇನ್ ಕಿಫಿನ್ ಮಿಸಿಸಿಪ್ಪಿಯ ಓಲ್ ಮಿಸ್ ಕಾಲೇಜು ಬಿಟ್ಟು ಎಲ್‌ಎಸ್‌ಯುಗೆ ಹೋಗಿದ್ದು ನವೆಂಬರ್ 30ಕ್ಕೆ. ಹುಡುಗರು ಸಹಿ ಹಾಕುವ ದಿನ ಡಿಸೆಂಬರ್ 3. ಮಧ್ಯೆ ಎರಡೇ ದಿನ. ಅದಕ್ಕೇ ಪ್ರತಿ ಕಾಲೇಜಿನ ವಿಷಯದಲ್ಲೂ ಮಗನಿಗೆ ಒಂದು ಪ್ರಶ್ನೆ ಹಾಕಿ: "ಈ ಕೋಚ್ ನಾಳೆ ಇರಲ್ಲ, ನಿನಗೆ ಒಂದು ವರ್ಷ ಆಟವೂ ಇಲ್ಲ ಅಂತಿಟ್ಟುಕೋ. ಆಗಲೂ ಈ ಊರಲ್ಲಿ ಇರ್ತೀಯಾ?"

ಹೀಗೆ ಬೆನ್ನು ಬೀಳೋದು ಹೊಸದೇನಲ್ಲ. 1981ರ ಹೊತ್ತಿಗೆ ಮಿಸಿಸಿಪ್ಪಿಯ ಫಿಲಡೆಲ್ಫಿಯಾ ಅನ್ನೋ ಸಣ್ಣ ಊರಲ್ಲಿ ಮಾರ್ಕಸ್ ಡುಪ್ರೀ ಅನ್ನೋ ಹುಡುಗನಿದ್ದ. ಅವನಿಗಾಗಿ ದೇಶದ ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಸಾಲುಗಟ್ಟಿ ಬಂದವು. ಒಕ್ಲಹೋಮಾದ ಸಹಾಯಕ ಕೋಚ್ ಒಬ್ಬರು ವಾರಗಟ್ಟಲೆ ಅದೇ ಊರಿನ ಮೋಟೆಲ್‌ನಲ್ಲಿ ಉಳಿದುಕೊಂಡರು. ಡುಪ್ರೀ ಅವರ ಕಾಲೇಜಿಗೇ ಹೋದ. ಮೊದಲ ವರ್ಷದ ಕೊನೆಯಲ್ಲಿ, 1983ರ ಜನವರಿ 1ರ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಚೆಂಡು ಹಿಡಿದು 239 ಗಜ ಓಡಿದ. ಅದೂ ಆಟದಲ್ಲಿ ಬಹಳ ಹೊತ್ತು ಹೊರಗೆ ಕೂತು. ಆದರೂ ಕೋಚ್ ಬ್ಯಾರಿ ಸ್ವಿಟ್ಜರ್ ಅವನ ತೂಕದ ಬಗ್ಗೆ ಎಲ್ಲರೆದುರು ದೂರಿದರು. ಅದೇ ಅಕ್ಟೋಬರ್‌ನಲ್ಲಿ ಹುಡುಗ ಕಾಲೇಜನ್ನೇ ಬಿಟ್ಟ. 1985ರಲ್ಲಿ ಮೊಣಕಾಲು ಹೋಯಿತು. ಅವನನ್ನು ನಡೆಸಿಕೊಂಡ ರೀತಿ ತಪ್ಪಾಗಿತ್ತು ಅಂತ ಸ್ವಿಟ್ಜರ್ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು. ಈ ಕಥೆಯಲ್ಲಿ ನನ್ನನ್ನು ಕಾಡೋದು ಆ ಮೋಟೆಲ್. ಸಹಿ ಬೀಳೋವರೆಗೆ ಅವನ ಹತ್ತಿರ ಅಷ್ಟು ದಿನ ಕೂರೋದಕ್ಕೆ ಜನ ಇದ್ದರು. ಸಹಿ ಬಿದ್ದ ಮೇಲೆ ಕೂರಬೇಕಾದವರು ಎಲ್ಲಿದ್ದರು?

ಇದಕ್ಕೆ ಪೂರ್ತಿ ಬೇರೆ ರೀತಿ ನಡೆದದ್ದು ಆರ್ಚ್ ಮ್ಯಾನಿಂಗ್ ಅನ್ನೋ ಕ್ವಾರ್ಟರ್‌ಬ್ಯಾಕ್ ಹುಡುಗನ ಮನೆಯಲ್ಲಿ. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ, ಎಲ್ಲರೂ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಆಡಿದವರು. ಈ ಹುಡುಗನ ಸುತ್ತ ಗದ್ದಲ ಎಷ್ಟಿರಬೇಡ! ಆದರೆ ಮನೆಯವರು ಗೋಡೆಯ ಹಾಗೆ ನಿಂತರು. ಸಂದರ್ಶನ ಇಲ್ಲ, ಸೋಷಿಯಲ್ ಮೀಡಿಯಾ ಬಹಳ ಕಡಿಮೆ. 2022ರ ಜೂನ್‌ನಲ್ಲಿ ಜಾರ್ಜಿಯಾ, ಅಲಬಾಮಾ, ಟೆಕ್ಸಾಸ್ ನೋಡಿದರು. ಜೂನ್ 23ಕ್ಕೆ ಒಂದು ಚಿಕ್ಕ ಟ್ವೀಟ್‌ನಲ್ಲಿ ಟೆಕ್ಸಾಸ್ ಅಂದ. ಆಮೇಲೆ ಎರಡು ವರ್ಷ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹಿಂದೆ ಕಾದು, 2025ರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದ. ನಿಮ್ಮದು ಮ್ಯಾನಿಂಗ್ ಮನೆತನ ಅಲ್ಲ, ನಿಜ. ಆದರೆ ಫೋನಿನ ವಿಷಯದಲ್ಲಿ ಅವರು ಮಾಡಿದ್ದನ್ನು ನೀವೂ ಮಾಡಬಹುದು. ಕೋಚ್‌ಗಳ ಕರೆಗೆ ವಾರದಲ್ಲಿ ಎರಡು ಸಂಜೆ, ಒಂದೊಂದು ಗಂಟೆ ಇಡಿ. ಉಳಿದ ಹೊತ್ತು ಫೋನ್ ಅಡುಗೆಮನೆಯಲ್ಲಿರಲಿ. ನಿಜವಾಗಿ ಬೇಕು ಅನ್ನುವವರು ಆ ಗಂಟೆಗೇ ಮಾಡುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ನಿಮ್ಮ ಊರಿನ ಹತ್ತಿರದ ಎಸ್‌ಎಂಯು ಕಾಲೇಜು ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟಿದ್ದಕ್ಕೆ 1987ರ ಇಡೀ ಸೀಸನ್ನನ್ನೇ ಎನ್‌ಸಿಎಎ ರದ್ದು ಮಾಡಿತ್ತು. ಈಗ ಕಾಲ ತಿರುಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. ಇದನ್ನೇ ಎನ್‌ಐಎಲ್ ಅನ್ನೋದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ, ಹೌಸ್ ಅನ್ನೋ ಹೆಸರಿನ ಮೊಕದ್ದಮೆಯ ಒಪ್ಪಂದದ ಪ್ರಕಾರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಫುಟ್‌ಬಾಲ್ ಇರುವ ದೊಡ್ಡ ಕಾಲೇಜುಗಳಲ್ಲಿ ಹೆಚ್ಚಿನ ಪಾಲು ಫುಟ್‌ಬಾಲ್‌ಗೇ ಹೋಗುತ್ತದೆ.

ಹಣದ ಮಾತು ಬಾಯಲ್ಲಿ ಎಷ್ಟು ದೊಡ್ಡದಿದ್ದರೂ ಕೈಗೆ ಬರೋವರೆಗೆ ಅದು ಮಾತೇ. ಜೇಡನ್ ರಶಾಡಾ ಅನ್ನೋ ಕ್ವಾರ್ಟರ್‌ಬ್ಯಾಕ್ 2022ರ ನವೆಂಬರ್‌ನಲ್ಲಿ ಮಯಾಮಿಗೆ ಕೊಟ್ಟ ಮಾತು ಬಿಟ್ಟು ಫ್ಲಾರಿಡಾಗೆ ಬಂದ. ಫ್ಲಾರಿಡಾ ಬೆಂಬಲಿಗರ ಕೂಟವೊಂದರ ಜೊತೆ 1.385 ಕೋಟಿ ಡಾಲರ್‌ನ ಒಪ್ಪಂದ ಇತ್ತು. ಅದು ಮುರಿದುಬಿತ್ತು. ಜನವರಿಯಲ್ಲಿ ಕಾಲೇಜು ಅವನನ್ನು ಬಿಡುಗಡೆ ಮಾಡಿತು. ಆಮೇಲೆ ಅರಿಝೋನಾ ಸ್ಟೇಟ್, ಜಾರ್ಜಿಯಾ, ಸ್ಯಾಕ್ರಮೆಂಟೊ ಸ್ಟೇಟ್ ಅಂತ ಕಾಲೇಜಿನಿಂದ ಕಾಲೇಜಿಗೆ ಸುತ್ತಿದ. 2024ರಲ್ಲಿ ಫ್ಲಾರಿಡಾ ಕೋಚ್ ಮತ್ತು ಇತರರ ಮೇಲೆ ಕೋರ್ಟಿಗೂ ಹೋದ. ಒಪ್ಪಂದದ ಕಾಗದ ಬಂದಾಗ ಮೊತ್ತದ ಸಾಲನ್ನು ಕೊನೆಗೆ ಓದಿ. ಗಾಯವಾದರೆ, ಕೋಚ್ ಬದಲಾದರೆ, ಮಗ ಬೇರೆ ಕಾಲೇಜಿಗೆ ಹೋದರೆ ಏನಾಗುತ್ತದೆ, ಯಾರು ಯಾರಿಗೆ ಹಣ ವಾಪಸ್ ಕೊಡಬೇಕು ಅನ್ನೋ ಸಾಲುಗಳನ್ನು ಮೊದಲು ಓದಿ. ಏಜೆಂಟ್ ಅಂತ ಬರುವವರ ಬಗ್ಗೆಯೂ ಹುಷಾರು. ಎನ್‌ಎಫ್‌ಎಲ್ ಆಟಗಾರರ ಸಂಘ ಆಟದ ಒಪ್ಪಂದಕ್ಕೆ ಏಜೆಂಟ್ ಪಾಲನ್ನು ನೂರಕ್ಕೆ ಮೂರಕ್ಕೆ ಕಟ್ಟಿಹಾಕಿದೆ. ಕಾಲೇಜು ಮಟ್ಟದಲ್ಲಿ ಆ ಕಟ್ಟು ಇಲ್ಲ. ಗಂಟೆಯ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುವ ವಕೀಲರು ಸಾಕು.

ಆದರೆ ನಿಮ್ಮ ಮನೆಗೆ ಇದೆಲ್ಲಕ್ಕಿಂತ ದೊಡ್ಡ ವಿಷಯ ವೀಸಾ. ಕೋಚ್‌ಗಳಿಗೆ ಇದರ ಬಗ್ಗೆ ಅಷ್ಟಾಗಿ ಗೊತ್ತಿರುವುದಿಲ್ಲ, ಆದ್ದರಿಂದ ನೀವೇ ಎತ್ತಬೇಕು. ಎಚ್-4 ಮಕ್ಕಳಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇಲ್ಲ. ಸ್ಕಾಲರ್‌ಶಿಪ್ ಪಡೆಯಬಹುದು, ಅದು ಸಂಬಳ ಅಲ್ಲ. ಆದರೆ ಜಾಹೀರಾತಿಗೆ ನಿಲ್ಲೋದು, ಹಣ ತಗೊಂಡು ಆಟೋಗ್ರಾಫ್ ಕೊಡೋದು, ಕಾಲೇಜಿನ ಆದಾಯದ ಪಾಲು ಪಡೆಯೋದು, ಇವೆಲ್ಲ ಕೆಲಸ ಅಂತ ಲೆಕ್ಕಕ್ಕೆ ಬಂದರೆ ಅವನ ವೀಸಾಕ್ಕೇ ಕುತ್ತು, ಮುಂದೆ ಗ್ರೀನ್ ಕಾರ್ಡಿಗೂ ತೊಂದರೆ. 21 ತುಂಬಿದಾಗ ಎಚ್-4 ಮುಗಿಯುತ್ತದೆ. ಆ ಹೊತ್ತಿಗೆ ಅವನು ಕಾಲೇಜಿನ ಮಧ್ಯದಲ್ಲಿ ಇರುತ್ತಾನೆ, ಬಹುಶಃ ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಅಲ್ಲೂ ಇದೇ ಇಕ್ಕಟ್ಟು. ಕೆಂಟಕಿಯ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ ಕಾಂಗೋ ದೇಶದವನು, ವಿದ್ಯಾರ್ಥಿ ವೀಸಾದಲ್ಲಿದ್ದ. 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ಗೆ ಹೋದಾಗ, ಅಮೆರಿಕದ ಹೊರಗೆ ಇದ್ದಾಗಲೇ ತನ್ನ ಎನ್‌ಐಎಲ್ ಕೆಲಸಗಳನ್ನು ಮುಗಿಸಿಕೊಂಡ. ಅಷ್ಟು ಸೂಕ್ಷ್ಮ ಇದು. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು, ಉಚಿತ ಶೂ ತೆಗೆದುಕೊಂಡು ಅದರ ಫೋಟೋ ಹಾಕುವ ಮೊದಲೂ, ನಿಮ್ಮದೇ ಇಮಿಗ್ರೇಷನ್ ವಕೀಲರನ್ನು ಕೇಳಿ. ನಾಲ್ಕೂ ಕಾಲೇಜುಗಳಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ, ಹಿಂದೆ ಇಂಥ ಆಟಗಾರರನ್ನು ನೋಡಿಕೊಂಡಿದ್ದಾರಾ ಅಂತ ವಿಚಾರಿಸಿ. ಹಾಗೆಯೇ, ಟೆಕ್ಸಾಸ್‌ನ ಶಾಲಾ ಕ್ರೀಡೆಯನ್ನು ನಡೆಸುವ ಯುಐಎಲ್ ನಿಯಮದ ಪ್ರಕಾರ ಹೈಸ್ಕೂಲಿನಲ್ಲಿ ಇರುವಾಗ ಯಾವ ಹುಡುಗನೂ ಎನ್‌ಐಎಲ್ ಹಣ ಮುಟ್ಟುವಂತಿಲ್ಲ.

ನಿಮ್ಮ ಶ್ರೀಮತಿಯವರ ಚಿಂತೆ ನೂರಕ್ಕೆ ನೂರು ಸರಿ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮಿತಿ ಅಂತ ನಿಯಮ ಹೇಳುತ್ತದೆ. ಪ್ರಯಾಣ, ಫಿಸಿಯೋ, ತಾವಾಗಿಯೇ ವಿಡಿಯೋ ನೋಡೋದು ಸೇರಿದರೆ ಅದಕ್ಕಿಂತ ಎಷ್ಟೋ ಜಾಸ್ತಿ. "ಇಂಜಿನಿಯರಿಂಗ್ ಓದಬಹುದಾ?" ಅಂತ ಕೇಳಿದರೆ ಎಲ್ಲರೂ "ಖಂಡಿತ" ಅನ್ನುತ್ತಾರೆ. ಹಾಗೆ ಕೇಳಬೇಡಿ. "ಈಗ ತಂಡದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ ಯಾರು? ಅವನ ಜೊತೆ ಹತ್ತು ನಿಮಿಷ ಕೂರಬಹುದಾ?" ಅಂತ ನಿಮ್ಮ ಶ್ರೀಮತಿಯವರೇ ಕೇಳಲಿ. ಮಧ್ಯಾಹ್ನದ ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬಂದರೆ ಯಾವುದನ್ನು ಬಿಡುತ್ತಾನೆ ಅಂತ ಆ ಹುಡುಗನನ್ನೇ ಕೇಳಲಿ. 2024ರ ಆಗಸ್ಟ್‌ನಿಂದ ಡಿವಿಷನ್ 1 (ಎನ್‌ಸಿಎಎಯ ಎಲ್ಲಕ್ಕಿಂತ ಮೇಲಿನ ಹಂತ) ಕಾಲೇಜುಗಳು ಆಟ ಸರಿಯಿಲ್ಲ, ಗಾಯವಾಗಿದೆ ಅನ್ನೋ ಕಾರಣಕ್ಕೆ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ. ಆಟದಲ್ಲಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆ ನೋಡಿಕೊಳ್ಳಬೇಕು. ಇದನ್ನು ಅವರಿಗೆ ಹೇಳಿ, ಸ್ವಲ್ಪ ಧೈರ್ಯ ಬರುತ್ತದೆ.

ಕೊನೆಯದಾಗಿ, ಸೋಮವಾರವೇ ಮಾಡಬೇಕಾದ ಒಂದು ಕೆಲಸ. ಡಿವಿಷನ್ 1ರಲ್ಲಿ ಆಡಬೇಕಾದರೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ಪಾಠಗಳು) ಮುಗಿಸಿರಬೇಕು, ಅವುಗಳಲ್ಲಿ ಗ್ರೇಡ್ ಸರಾಸರಿ (ಜಿಪಿಎ) ಕನಿಷ್ಠ 2.3 ಇರಬೇಕು. ಇದರಲ್ಲಿ 10 ಕೋರ್ಸ್ 12ನೇ ಕ್ಲಾಸು ಶುರುವಾಗುವ ಮೊದಲೇ ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ನಮ್ಮ ಮಕ್ಕಳಿಗೆ ಅಂಕದ ತೊಂದರೆ ಕಡಿಮೆ. ತೊಂದರೆ ಬರೋದು ಬೇಸಿಗೆಯಲ್ಲಿ ಮುಂದಿನ ವರ್ಷದ ಗಣಿತವನ್ನು ಆನ್‌ಲೈನ್‌ನಲ್ಲಿ ಮುಗಿಸಿಬಿಡೋ ಅಭ್ಯಾಸದಿಂದ. ಆ ಕೋರ್ಸು ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಇಲ್ಲದಿದ್ದರೆ, ಎ ಗ್ರೇಡ್ ಬಂದಿದ್ದರೂ ಲೆಕ್ಕಕ್ಕೆ ಬರಲ್ಲ. ನನ್ನ ಶಾಲೆಯ ಒಬ್ಬ ಒಳ್ಳೆಯ ಹುಡುಗನಿಗೆ ಇದು ಗೊತ್ತಾದದ್ದು 12ನೇ ಕ್ಲಾಸಿನ ಫೆಬ್ರವರಿಯಲ್ಲಿ. ಹಾಗಾಗಿ ಸೋಮವಾರ ಬೆಳಗ್ಗೆ ಮಗನ ಟ್ರಾನ್ಸ್‌ಕ್ರಿಪ್ಟ್ ಹಿಡಿದು ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ. ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ನಿಮ್ಮ ಶಾಲೆಯ ಹೆಸರಿನ ಕೆಳಗೆ ಇರುವ ಪಟ್ಟಿ ತೆಗೆಸಿ, ಒಂದೊಂದೇ ಕೋರ್ಸಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕಿಕೊಂಡು ಬನ್ನಿ. ಆ ಕೋಚ್‌ಗೆ ಫೋನ್ ಮಾಡೋದು ಅದಾದ ಮೇಲೆ, ಸಂಜೆಗೆ.